ಉಸಿರು ಕಟ್ಟಿದ ಹಾಗಾದರೂ ಬಾಯಿಂದ ತೆಗೀಬೇಡಿ: ಗಣಿ ಕಾರ್ಮಿಕರ ಸೊಂಟದಲ್ಲಿರೋ ಡಬ್ಬಿಯ ಕಥೆ

ಕೇಳೋಕೆ ಟೈಮ್ ಇಲ್ಲ, ಬಸ್ಸಲ್ಲಿ ಓದ್ಕೊಂಡು ಹೋಗ್ತೀನಿ ಅನ್ನೋರಿಗಾಗಿ ಈ ವಾರದ ಎಪಿಸೋಡ್‌ನ ಬರಹ ರೂಪ ಇಲ್ಲಿದೆ. ಮಾತಾಡಿದ್ದನ್ನೇ ಅಲ್ಲಲ್ಲಿ ತಿದ್ದಿ ಹಾಕಿದ್ದೀನಿ.

ವಿಮಾನದಲ್ಲಿ ಹೋಗಿದ್ದರೆ ಒಂದು ಮಾತು ಕೇಳಿರ್ತೀರಿ. ಮಾಸ್ಕ್ ಕೆಳಗೆ ಬೀಳುತ್ತೆ, ಹಾಕಿಕೊಳ್ಳಿ, ಚೀಲ ಉಬ್ಬದೇ ಇದ್ದರೂ ಆಕ್ಸಿಜನ್ ಬರ್ತಾ ಇರುತ್ತೆ ಅಂತ. ಆ ಕೊನೆಯ ಭಾಗವನ್ನ ಯಾಕೆ ಹೇಳ್ತಾರೆ ಅಂತ ಯೋಚಿಸಿದ್ದೀರಾ? ಚೀಲ ಉಬ್ಬಲಿಲ್ಲ ಅಂದ ತಕ್ಷಣ ಜನ ಇದು ಕೆಟ್ಟಿದೆ ಅಂದ್ಕೊಂಡು ಕಿತ್ತು ಹಾಕೋ ಸಾಧ್ಯತೆ ಇದೆ. ಕೆಲಸ ಮಾಡ್ತಾ ಇರೋ ಸಾಧನವನ್ನ ಕೆಟ್ಟಿದೆ ಅಂತ ನಂಬಿ ತೆಗೆದುಹಾಕೋದು. ಇವತ್ತಿನ ವಿಷಯ ಅದೇ, ಆದರೆ ಆಕಾಶದಲ್ಲಲ್ಲ, ನೆಲದ ಕೆಳಗೆ.

ಭೂಗತ ಗಣಿಗೆ ಇಳಿಯೋ ಕಾರ್ಮಿಕರ ಫೋಟೋ ನೋಡಿ. ತಲೆ ಮೇಲೆ ಹೆಲ್ಮೆಟ್, ಅದರ ಮೇಲೆ ಲೈಟು, ಸೊಂಟದ ಬೆಲ್ಟಿನಲ್ಲಿ ಬ್ಯಾಟರಿ. ಅದರ ಪಕ್ಕದಲ್ಲಿ ಟಿಫಿನ್ ಡಬ್ಬಿ ಥರದ ಇನ್ನೊಂದು ಡಬ್ಬಿ ಇರುತ್ತೆ. ಅದಕ್ಕೆ ಸೆಲ್ಫ್ ರೆಸ್ಕ್ಯೂಯರ್ ಅಂತಾರೆ. ಒಳಗೆ ಬೆಂಕಿನೋ ಸ್ಫೋಟನೋ ಆಗಿ ಗಾಳಿ ವಿಷವಾದಾಗ ಅದನ್ನ ತೆರೆದು, ಬಾಯಿಗೆ ಕಚ್ಚಿಕೊಂಡು, ಹೊರಗೆ ನಡೆದು ಬರಬೇಕು. ಅಗ್ನಿಶಾಮಕದವರು ಬೆನ್ನಿಗೆ ಹಾಕಿಕೊಳ್ಳೋ ಸಿಲಿಂಡರ್ ಜೊತೆ ಇದನ್ನ ಗೊಂದಲ ಮಾಡ್ಕೋಬೇಡಿ. ಅದು ಬೆಂಕಿ ಕಡೆಗೆ ಹೋಗೋರಿಗೆ. ಇದು ಓಡಿ ಪಾರಾಗೋರಿಗೆ ಮಾತ್ರ. ಇದನ್ನ ಹಾಕಿಕೊಂಡು ಯಾರನ್ನೋ ಹುಡುಕೋಕೆ ವಾಪಸ್ ಒಳಗೆ ಹೋಗೋ ಹಾಗಿಲ್ಲ.

ಗಣಿ ಸ್ಫೋಟ ಅಂದರೆ ನಮ್ಮ ಕಣ್ಣಿಗೆ ಬರೋದು ಬೆಂಕಿ, ಕುಸಿತ. ಆದರೆ ಸ್ಫೋಟದಲ್ಲಿ ಬದುಕಿ ಉಳಿದವರನ್ನ ಆಮೇಲೆ ಕೊಲ್ಲೋದು ಹೆಚ್ಚಾಗಿ ಕಾರ್ಬನ್ ಮೋನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನ ಹಿಡ್ಕೊಳ್ಳುತ್ತೆ. ಬಸ್ಸಿನ ಸೀಟೆಲ್ಲ ಇದೇ ಹಿಡಿದು ಕೂತುಬಿಟ್ಟರೆ ಆಕ್ಸಿಜನ್‌ಗೆ ಜಾಗ ಎಲ್ಲಿ? ಗಾಳಿಯಲ್ಲಿ ನೂರಕ್ಕೆ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಎರಡು ಮೂರು ಉಸಿರಿಗೇ ಪ್ರಜ್ಞೆ ತಪ್ಪುತ್ತೆ. 'ಒಂದು ಸಲ ತೆಗೆದು ಗಾಳಿ ಹೇಗಿದೆ ನೋಡೋಣ' ಅನ್ನೋ ಲೆಕ್ಕ ಅಲ್ಲಿ ನಡೆಯಲ್ಲ. ಈ ಸಂಖ್ಯೆಯನ್ನ ನೆನಪಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಡಬ್ಬಿಗಳಲ್ಲಿ ಎರಡು ಜಾತಿ. ಹಳೆಯದು ಫಿಲ್ಟರ್ ಮಾದರಿ. ಅದರೊಳಗೆ ಹಾಪ್ಕಲೈಟ್ ಅನ್ನೋ ವಸ್ತು ಇರುತ್ತೆ, ಮ್ಯಾಂಗನೀಸ್ ಮತ್ತು ತಾಮ್ರದ ಆಕ್ಸೈಡ್‌ಗಳ ಮಿಶ್ರಣ. ವಿಷಗಾಳಿ ಅದರ ಮೂಲಕ ಹಾದಾಗ ಕಾರ್ಬನ್ ಮೋನಾಕ್ಸೈಡ್ ಹೋಗಿ ಕಾರ್ಬನ್ ಡೈಆಕ್ಸೈಡ್ ಆಗುತ್ತೆ. ಆದರೆ ಇದು ಆಕ್ಸಿಜನ್ ಕೊಡೋದಿಲ್ಲ. ಸುತ್ತಲಿನ ಗಾಳಿಯಲ್ಲೇ ಆಕ್ಸಿಜನ್ ಕಮ್ಮಿ ಇದ್ದರೆ ಫಿಲ್ಟರ್ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನ ಇಲ್ಲ. ಹಾಗಾಗಿ ನಿಮ್ಮ ಸೊಂಟದಲ್ಲಿರೋದು ಯಾವ ಜಾತಿ ಅಂತ ಇಳಿಯೋ ಮೊದಲೇ ಗೊತ್ತಿರಬೇಕು.

ಎರಡನೆಯದು ಆಕ್ಸಿಜನ್ ಅನ್ನ ತಾನೇ ಕೊಡೋದು. ಇದರಲ್ಲಿ ಪುಟ್ಟ ಸಿಲಿಂಡರ್ ಇರೋ ಮಾದರಿಗಳಿವೆ, ರಾಸಾಯನಿಕದಿಂದ ನಡೆಯೋ ಮಾದರಿಗಳೂ ಇವೆ. ನನಗೆ ಮಜಾ ಅನಿಸಿದ್ದು ರಾಸಾಯನಿಕದ್ದು. ಒಳಗಿರೋದು ಪೊಟ್ಯಾಸಿಯಂ ಸೂಪರ್‌ಆಕ್ಸೈಡ್, ಹಳದಿ ಬಣ್ಣದ ಹರಳುಗಳು. ನೀವು ಹೊರಗೆ ಬಿಟ್ಟ ಉಸಿರು ಡಬ್ಬಿಯೊಳಗೇ ಹೋಗುತ್ತೆ. ಉಸಿರಿನ ತೇವ ಈ ಹರಳಿಗೆ ತಗುಲಿದಾಗ ಆಕ್ಸಿಜನ್ ಬಿಡುಗಡೆ ಆಗುತ್ತೆ. ಆಗ ಹುಟ್ಟೋ ಕ್ಷಾರ ನಿಮ್ಮ ಉಸಿರಿನಲ್ಲಿರೋ ಕಾರ್ಬನ್ ಡೈಆಕ್ಸೈಡ್ ಅನ್ನ ನುಂಗುತ್ತೆ. ಹೊರಗಿನ ಗಾಳಿಯ ಸಂಬಂಧವೇ ಇಲ್ಲ. ನಿಮ್ಮ ಉಸಿರನ್ನೇ ತೊಳೆದು ನಿಮಗೇ ವಾಪಸ್ ಕೊಡೋ ವ್ಯವಸ್ಥೆ. ಉಸಿರು ಹೆಚ್ಚು ಬಿಟ್ಟಷ್ಟೂ ಆಕ್ಸಿಜನ್ ಹೆಚ್ಚು ಹುಟ್ಟುತ್ತೆ. ಮೊದಲ ಒಂದೆರಡು ನಿಮಿಷ ಹರಳು ಕೆಲಸ ಶುರು ಮಾಡೋವರೆಗೆ ಬೇಕಾಗೋ ಆಕ್ಸಿಜನ್‌ಗೆ ಒಂದು ಸ್ಟಾರ್ಟರ್ ಇರುತ್ತೆ, ಗಾಡಿಯ ಸೆಲ್ಫ್ ಸ್ಟಾರ್ಟ್ ಇದ್ದ ಹಾಗೆ.

ಈ ರಾಸಾಯನಿಕ ಕ್ರಿಯೆ ನಡೆದಾಗ ಬಿಸಿ ಹುಟ್ಟುತ್ತೆ, ಚೆನ್ನಾಗಿಯೇ ಹುಟ್ಟುತ್ತೆ. ಬಾಯಿಗೆ ಬರೋ ಗಾಳಿ ಬಿಸಿಯಾಗಿ, ಒಣಗಿದ ಹಾಗಿರುತ್ತೆ. ಹರಳುಗಳ ಪದರದ ಮೂಲಕ ಗಾಳಿ ಎಳೀಬೇಕಾದ್ದರಿಂದ ಉಸಿರಾಟ ಬಿಗಿಯಾಗಿರುತ್ತೆ. ಎಳನೀರಿನ ಸ್ಟ್ರಾ ಬಾಯಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದ ಹಾಗೆ ಅಂದ್ಕೊಳ್ಳಿ. ಗಂಟಲು ಕೆರೆಯಬಹುದು, ಕೆಮ್ಮು ಬರಬಹುದು, ಬಾಯಿ ರುಚಿ ಕೆಡಬಹುದು. ಈಗ ಯೋಚಿಸಿ. ಕತ್ತಲು, ಹೊಗೆ, ಎದೆ ಡವಡವ. ಬಾಯಲ್ಲಿರೋ ಸಾಧನ ಸುಡ್ತಾ ಇದೆ, ಸಾಕಾಗೋವಷ್ಟು ಗಾಳಿ ಕೊಡ್ತಾ ಇಲ್ಲ ಅನಿಸ್ತಿದೆ. ಯಾರಿಗಾದರೂ ಮೊದಲು ಏನು ಹೊಳೆಯುತ್ತೆ? ಇದು ಕೆಟ್ಟಿದೆ ಅಂತ ತಾನೇ?

ಇದು ಬರೀ ಊಹೆ ಅಲ್ಲ. 2006ರ ಜನವರಿ 2, ಅಮೆರಿಕದ ವೆಸ್ಟ್ ವರ್ಜೀನಿಯಾದ ಸೇಗೋ ಕಲ್ಲಿದ್ದಲು ಗಣಿ. ಹೊಸ ವರ್ಷದ ರಜೆ ಮುಗಿದ ಮೊದಲ ಪಾಳಿ. ಬೆಳಗ್ಗೆ ಆರೂವರೆ ಹೊತ್ತಿಗೆ, ಗೋಡೆ ಕಟ್ಟಿ ಮುಚ್ಚಿದ್ದ ಹಳೆಯ ಭಾಗದಲ್ಲಿ ಸೇರಿಕೊಂಡಿದ್ದ ಮೀಥೇನ್ ಸ್ಫೋಟಿಸಿತು. ಸಿಡಿಲು ಬಡಿದಿದ್ದೇ ಕಾರಣ ಇರಬೇಕು ಅಂತ ತನಿಖೆಯಲ್ಲಿ ಬಂತು. ಒಳಗಿದ್ದವರಲ್ಲಿ ಹದಿನಾರು ಮಂದಿ ಹೊರಗೆ ಬಂದರು, 13 ಮಂದಿ ಸಿಕ್ಕಿಹಾಕಿಕೊಂಡರು. ಅವರಲ್ಲಿ ಒಬ್ಬರು ಬೇರೆ ಜಾಗದಲ್ಲೇ ತೀರಿಕೊಂಡರು. ಉಳಿದ 12 ಮಂದಿ ಹೊರಗೆ ಬರೋಕೆ ನೋಡಿದರು. ಹೊಗೆ ದಟ್ಟವಾಗಿತ್ತು. ವಾಪಸ್ ಹೋಗಿ ಗಣಿಯಲ್ಲಿ ಗಾಳಿ ತಿರುಗಿಸೋಕೆ ಬಳಸೋ ಪರದೆಯನ್ನ ಅಡ್ಡ ಕಟ್ಟಿ ಅದರ ಹಿಂದೆ ಕೂತರು. ಮಾರನೇ ದಿನ ಬೆಳಗ್ಗೆ ಮೇಲಿಂದ ಒಂದು ರಂಧ್ರ ಕೊರೆದು ಗಾಳಿ ಪರೀಕ್ಷಿಸಿದಾಗ ಕಾರ್ಬನ್ ಮೋನಾಕ್ಸೈಡ್ ಹತ್ತು ಲಕ್ಷ ಭಾಗಕ್ಕೆ ಸುಮಾರು 1,300 ಭಾಗ ಇತ್ತು. ಆಗಲೇ ನೆನಪಿಟ್ಟುಕೊಳ್ಳಿ ಅಂದ ಸಂಖ್ಯೆಯ ಹತ್ತರಲ್ಲಿ ಒಂದು ಭಾಗ ಅಷ್ಟೇ. ಎರಡು ಉಸಿರಿಗೆ ಕೊಲ್ಲಲ್ಲ, ಆದರೆ ಗಂಟೆಗಟ್ಟಲೆ ಅದರಲ್ಲಿ ಕೂತವರು ಉಳಿಯಲ್ಲ.

ರಕ್ಷಣಾ ತಂಡ ಅವರನ್ನ ತಲುಪಿದಾಗ ಸ್ಫೋಟ ಆಗಿ 41 ಗಂಟೆ ಕಳೆದಿತ್ತು. ಹನ್ನೆರಡು ಮಂದಿಯಲ್ಲಿ ಬದುಕಿದ್ದವನು ಒಬ್ಬನೇ, 26 ವರ್ಷದ ರಾಂಡಲ್ ಮೆಕ್‌ಕ್ಲಾಯ್. ಈ ಪಾಡ್‌ಕಾಸ್ಟ್ ಕೇಳೋ ಬಹಳಷ್ಟು ಜನರ ವಯಸ್ಸು. ಹೊರಗೆ ಮಾತ್ರ ಮೊದಲು ಹಬ್ಬಿದ ಸುದ್ದಿ ಹನ್ನೆರಡು ಜನ ಬದುಕಿದ್ದಾರೆ ಅಂತ. ಮನೆಯವರು ಚರ್ಚಿನಲ್ಲಿ ಸಂಭ್ರಮ ಪಟ್ಟರು. ಸುಮಾರು ಮೂರು ಗಂಟೆ ಆದ ಮೇಲೆ ನಿಜ ಗೊತ್ತಾಯಿತು. ಮಾಸ್ಕ್ ಹಾಕಿಕೊಂಡ ರಕ್ಷಣಾ ಸಿಬ್ಬಂದಿಯ ಮಾತು ಒಬ್ಬರಿಂದ ಒಬ್ಬರಿಗೆ ದಾಟ್ತಾ ದಾಟ್ತಾ ತಿರುಚಿಹೋಗಿತ್ತು. ಬಾಯಿ ಕಟ್ಟಿಕೊಂಡಾಗ ಮಾತು ಎಷ್ಟು ದೂರ ಹೋಗುತ್ತೆ ಅನ್ನೋದಕ್ಕೆ ಇದಕ್ಕಿಂತ ಕ್ರೂರ ಉದಾಹರಣೆ ನನಗೆ ಗೊತ್ತಿಲ್ಲ.

ಚೇತರಿಸಿಕೊಂಡ ಮೇಲೆ ಮೆಕ್‌ಕ್ಲಾಯ್ ತೀರಿಕೊಂಡವರ ಮನೆಯವರಿಗೆ ಒಂದು ಪತ್ರ ಬರೆದ. ಕನಿಷ್ಠ ನಾಲ್ಕು ಜನರ ಸೆಲ್ಫ್ ರೆಸ್ಕ್ಯೂಯರ್ ಕೆಲಸ ಮಾಡಲಿಲ್ಲ, ಇದ್ದವರು ಇಲ್ಲದವರ ಜೊತೆ ಹಂಚಿಕೊಂಡೆವು ಅಂತ ಅದರಲ್ಲಿತ್ತು. ಮೇಲಿನವರಿಗೆ ಸುಳಿವು ಕೊಡೋಕೆ ಸುತ್ತಿಗೆಯಿಂದ ಛಾವಣಿಯ ಬೋಲ್ಟುಗಳಿಗೆ ಸರದಿಯ ಮೇಲೆ ಹೊಡೆದರಂತೆ. ಜೋರಾಗಿ ಹೊಡೀಬೇಕು ಅಂತ ಆ ಹೊತ್ತಿಗೆ ಬಾಯಿಂದ ಸಾಧನ ತೆಗೆದರಂತೆ. ಮೇಲಿಂದ ಉತ್ತರದ ಸದ್ದು ಬರಲೇ ಇಲ್ಲ. ಇದನ್ನ ಓದಿದಾಗ ನಾನು ಫೋನ್ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಸರ್ಕಾರಿ ತನಿಖೆಯವರು ಆ ಡಬ್ಬಿಗಳನ್ನ ಬಿಚ್ಚಿ ನೋಡಿದಾಗ ಸಿಕ್ಕಿದ್ದು ಬೇರೆ ಚಿತ್ರ. ಅವು ಚಾಲೂ ಆಗಿದ್ದವು, ಆಕ್ಸಿಜನ್ ಕೊಟ್ಟಿದ್ದವು, ರಾಸಾಯನಿಕ ಪೂರ್ತಿ ಖಾಲಿ ಆಗಿರಲಿಲ್ಲ. ಹಾಗಾದರೆ ಬದುಕಿ ಬಂದವನು ಹೇಳಿದ್ದು ಸುಳ್ಳಾ? ನನ್ನ ಪ್ರಕಾರ ಖಂಡಿತ ಅಲ್ಲ. ಸ್ಟಾರ್ಟರ್ ಸರಿಯಾಗಿ ಹೊಡೆಯದಿದ್ದರೆ ಚೀಲ ಉಬ್ಬಲ್ಲ. ಚೀಲ ಉಬ್ಬದ ಡಬ್ಬಿಯನ್ನ, ಬಿಸಿಯಾಗಿ ಬಿಗಿಯಾದ ಡಬ್ಬಿಯನ್ನ, ಕತ್ತಲಲ್ಲಿ ಕೂತವನು ಕೆಟ್ಟ ಡಬ್ಬಿ ಅಂತಲೇ ಹೇಳ್ತಾನೆ. ಲ್ಯಾಬಿನ ಮೇಜಿನ ಮೇಲೆ ಅದೇ ಡಬ್ಬಿ ಒಳ್ಳೆಯ ಡಬ್ಬಿ ಆಗುತ್ತೆ. ತಪ್ಪು ಇದ್ದಿದ್ದು ತರಬೇತಿಯಲ್ಲಿ. ಆಗೆಲ್ಲ ತರಬೇತಿ ಅಂದರೆ ಹೇಗೆ ತೆರೆಯೋದು, ಹೇಗೆ ಹಾಕೋದು ಅನ್ನೋದಷ್ಟೇ. ಹಾಕಿದ ಮೇಲೆ ಹೇಗನಿಸುತ್ತೆ ಅನ್ನೋದನ್ನ ಬಾಯಲ್ಲಿ ಇಟ್ಟು ತೋರಿಸ್ತಾ ಇರಲಿಲ್ಲ.

ಅದೇ ವರ್ಷ ಜೂನ್‌ನಲ್ಲಿ ಅಮೆರಿಕದಲ್ಲಿ ಮೈನರ್ ಆಕ್ಟ್ ಅನ್ನೋ ಹೊಸ ಕಾನೂನು ಬಂತು. ದಾರಿಯುದ್ದಕ್ಕೂ ಹೆಚ್ಚುವರಿ ಡಬ್ಬಿಗಳನ್ನ ಇಡಬೇಕಾಯಿತು. ಮೂರು ತಿಂಗಳಿಗೊಮ್ಮೆ ಹಾಕಿಕೊಳ್ಳೋ ಅಭ್ಯಾಸ ನಡೆಯಬೇಕಾಯಿತು. ಇನ್ನೊಂದು ನಿಯಮ ನನಗೆ ಬಹಳ ಇಷ್ಟ ಆಯ್ತು. ವರ್ಷಕ್ಕೊಮ್ಮೆ, ಉಸಿರು ಬಿಗಿಯಾಗೋ ಹಾಗೂ ಗಾಳಿ ಬಿಸಿಯಾಗೋ ತರಬೇತಿ ಸಾಧನವನ್ನ ನಿಜಕ್ಕೂ ಬಾಯಿಗೆ ಹಾಕಿಸಿ ಅನುಭವ ಮಾಡಿಸಬೇಕು. ಅಂದರೆ ಆ ಕಷ್ಟವನ್ನ ಮುಂಚೆಯೇ ಪರಿಚಯ ಮಾಡಿಸಬೇಕು.

ಸರಿ, ಹಾಕಿಕೊಳ್ಳೋದು ಹೇಗೆ? ಕಂಪನಿಗೊಂದು ಮಾದರಿ ಇರೋದರಿಂದ ನಿಮ್ಮ ಗಣಿಯ ಡಬ್ಬಿಗೆ ನಿಮ್ಮ ಗಣಿಯ ತರಬೇತಿಯೇ ಪ್ರಮಾಣ. ಆದರೆ ಅಮೆರಿಕದಲ್ಲಿ ಕಲಿಸೋ 'ಮೂರು ಪ್ಲಸ್ ಮೂರು' ಅನ್ನೋ ಕ್ರಮ ನೆನಪಿಡೋಕೆ ಸುಲಭ. ಮಂಡಿಯೂರಿ ಕೂತು, ಹೆಲ್ಮೆಟ್ ತೆಗೆದು ಅದರ ಲೈಟು ನಿಮ್ಮ ಕೈ ಮೇಲೆ ಬೀಳೋ ಹಾಗೆ ಮುಂದೆ ಇಟ್ಟುಕೊಳ್ಳಬೇಕು. ಡಬ್ಬಿ ತೆರೆದು ಪಟ್ಟಿಯನ್ನ ಕುತ್ತಿಗೆಗೆ ಹಾಕಿಕೊಂಡ ಮೇಲೆ ಮೊದಲ ಮೂರು: ಆಕ್ಸಿಜನ್ ಚಾಲೂ ಮಾಡು, ಬಾಯಿಗೆ ಕಚ್ಚು, ಮೂಗಿಗೆ ಕ್ಲಿಪ್ ಹಾಕು. ಅಲ್ಲಿಗೆ ಪ್ರಾಣ ಉಳೀತು. ಆಮೇಲಿನ ಮೂರು: ಕನ್ನಡಕ, ಪಟ್ಟಿ ಬಿಗಿ, ಹೆಲ್ಮೆಟ್. ಈ ಕ್ರಮದಲ್ಲಿ ಜನ ಎಡವೋ ಜಾಗ ಮೂಗಿನ ಕ್ಲಿಪ್. ಬಾಯಲ್ಲಿ ಆಕ್ಸಿಜನ್ ಬರ್ತಿದ್ದರೂ ಮೂಗು ತೆರೆದಿದ್ದರೆ ವಿಷಗಾಳಿ ಆ ಬಾಗಿಲಿನಿಂದ ಒಳಗೆ ಬರುತ್ತೆ. ಅಂದ ಹಾಗೆ, ಮುಖ ಪೂರ್ತಿ ಮುಚ್ಚೋ ಮಾಸ್ಕ್ ಬದಲು ಬಾಯಲ್ಲಿ ಕಚ್ಚೋ ಮೌತ್‌ಪೀಸ್ ಇರೋದರಿಂದ ಗಡ್ಡ ಬಿಟ್ಟವರಿಗೂ ಗಾಳಿ ಸೋರೋ ಭಯ ಇಲ್ಲ. ಬಾಯಲ್ಲಿ ಎಲೆಅಡಿಕೆಯೋ ಗುಟ್ಕಾನೋ ಇದ್ದರೆ ಮಾತ್ರ ಮೊದಲು ಉಗೀಬೇಕು. ಹಾಕಿಕೊಂಡ ಮೇಲೆ ಜೊಲ್ಲು ಬಂದರೆ ನುಂಗೋದೇ, ಉಗುಳೋಕೆ ಅಂತ ತೆಗೆಯೋ ಹಾಗಿಲ್ಲ. ಮಾತಾಡೋಕೂ ತೆಗೆಯೋ ಹಾಗಿಲ್ಲ. ಸನ್ನೆ ಮಾಡಿ, ಲೈಟು ಆಡಿಸಿ, ಸೀಮೆಸುಣ್ಣದಲ್ಲಿ ಬರೀರಿ. ಯಾರು ಮುಂದೆ, ಯಾವ ದಾರಿ ಅನ್ನೋ ಮಾತುಕತೆ ಹಾಕಿಕೊಳ್ಳೋ ಮೊದಲೇ ಮುಗಿದಿರಬೇಕು. ಇನ್ನೂ ಚೆನ್ನಾಗಿ ಹೇಳಬೇಕಂದರೆ ಬೆಳಗ್ಗೆ ಇಳಿಯೋ ಮೊದಲೇ ಗೊತ್ತಿರಬೇಕು.

ಯಾವಾಗ ಹಾಕಬೇಕು? ಹೊಗೆ ಕಂಡಾಗಲೇ, ಗ್ಯಾಸ್ ಮೀಟರ್ ಕೂಗಿದಾಗಲೇ. ಇರೋದು ಒಂದೇ ಗಂಟೆ, ಉಳಿಸಿಕೊಳ್ಳೋಣ, ಉಸಿರಾಡೋಕೆ ಕಷ್ಟ ಆದ ಮೇಲೆ ಹಾಕೋಣ ಅನ್ನೋದು ನಮ್ಮ ಮೊಬೈಲ್ ಡೇಟಾ ಉಳಿಸೋ ಬುದ್ಧಿ. ಕಾರ್ಬನ್ ಮೋನಾಕ್ಸೈಡ್ ಮೊದಲು ಮಂಕು ಮಾಡೋದು ತಲೆಯನ್ನ. ಕಷ್ಟ ಆದ ಮೇಲೆ ಕ್ಲಿಪ್ ಎಲ್ಲಿ, ಪಿನ್ ಎಲ್ಲಿ ಅಂತ ಹುಡುಕೋ ಕೈಗೆ ಸ್ವಾಧೀನ ಇರಲ್ಲ.

ಹಾಕಿದ ಮೇಲೆ ಓಡಬಾರದು. ಡಬ್ಬಿ ಮೇಲೆ ಬರೆದಿರೋ ಒಂದು ಗಂಟೆ ಅನ್ನೋದು ಸರಾಸರಿ ದೇಹ, ಸರಾಸರಿ ನಡಿಗೆಯ ಲೆಕ್ಕ. ದಪ್ಪಗಿದ್ದವರಿಗೆ, ಏರು ಹತ್ತೋರಿಗೆ, ಗಾಬರಿಯಲ್ಲಿ ಏದುಸಿರು ಬಿಡೋರಿಗೆ ಬೇಗ ಮುಗಿಯುತ್ತೆ. ಸುಮ್ಮನೆ ಕೂತವರಿಗೆ ಹೆಚ್ಚು ಹೊತ್ತು ಬರುತ್ತೆ. ಉಸಿರು ಎಳೆದಾಗ ಚೀಲ ಪೂರ್ತಿ ಚಪ್ಪಟೆ ಆಗ್ತಿದ್ದರೆ ಸಾಧನಕ್ಕಿಂತ ನೀವು ವೇಗವಾಗಿದ್ದೀರಿ ಅಂತ ಅರ್ಥ. ನಿಧಾನ ಮಾಡಿ, ಬೇಕಾದರೆ ನಿಂತುಕೊಳ್ಳಿ, ಮತ್ತೆ ಉಬ್ಬುತ್ತೆ. ಚೀಲ ಉಬ್ಬಿ ಇಳೀತಾ ಇದ್ದು, ಗಾಳಿ ಬಿಸಿಯಾಗಿದ್ದು, ಬಿಗಿಯಾಗಿದ್ದರೆ ಅದು ಸರಿಯಾಗಿಯೇ ನಡೀತಾ ಇದೆ. ಸ್ಟಾರ್ಟರ್ ಕೈಕೊಟ್ಟರೂ ರಾಸಾಯನಿಕ ಮಾದರಿಯಲ್ಲಿ ದಾರಿ ಇದೆ. ಉಸಿರು ಎಳೆದು ಮೌತ್‌ಪೀಸಿನೊಳಗೆ ಊದಬೇಕು, ಚೀಲ ತುಂಬೋವರೆಗೆ ಹಲವು ಸಲ. ಆ ತೇವಕ್ಕೆ ಹರಳು ಎಚ್ಚರವಾಗುತ್ತೆ. ಎಳೆಯೋ ಉಸಿರು ಹೊರಗಿನ ಗಾಳಿಯದ್ದೇ ಆಗಿರೋದರಿಂದ ಗಾಳಿ ಇನ್ನೂ ಚೆನ್ನಾಗಿದ್ದಾಗಲೇ ಹಾಕಿಕೊಳ್ಳೋದರ ಬೆಲೆ ಇಲ್ಲೂ ಗೊತ್ತಾಗುತ್ತೆ.

ಇಷ್ಟು ಹೇಳಿ, ಎಲ್ಲ ಕಾರ್ಮಿಕರ ಭಯ ಅಷ್ಟೇ, ಸಾಧನ ಯಾವತ್ತೂ ಸರಿ ಅಂತ ಕೈತೊಳೆದುಕೊಂಡರೆ ಅದು ಅನ್ಯಾಯ. ಸೇಗೋದಲ್ಲಿದ್ದಿದ್ದು ಸಿಎಸ್‌ಇ ಕಂಪನಿಯ ಎಸ್‌ಆರ್-100. 2012ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಗಳು ಗಣಿಗಳಿಂದ ಈ ಮಾದರಿಯ ಸ್ಯಾಂಪಲ್ ತರಿಸಿ ಪರೀಕ್ಷೆ ಮಾಡಿದಾಗ ಕೆಲವುದರ ಸ್ಟಾರ್ಟರ್‌ನಲ್ಲಿ ಸಾಕಷ್ಟು ಆಕ್ಸಿಜನ್ ಇರಲಿಲ್ಲ. ನೂರಕ್ಕೆ ಒಂದಕ್ಕಿಂತ ಕಮ್ಮಿ ಇರಬೇಕಿದ್ದ ವೈಫಲ್ಯದ ಪ್ರಮಾಣಕ್ಕೆ ಅದು ಪಾಸಾಗಲಿಲ್ಲ. 2013ರ ಕೊನೆಯೊಳಗೆ ಹಂತ ಹಂತವಾಗಿ ತೆಗೆಯಿರಿ ಅಂತ ಆದೇಶ ಆಯ್ತು. ಬಿಕಾಂನಲ್ಲಿ ಸ್ಟಾಕ್ ವೆರಿಫಿಕೇಶನ್ ಓದಿದವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಡಬ್ಬಿ ಒಮ್ಮೆ ತೆರೆದರೆ ಮತ್ತೆ ಮುಚ್ಚಿ ಬಳಸೋಕೆ ಆಗಲ್ಲ, ಹಾಗಾಗಿ ಪ್ರತಿಯೊಂದನ್ನೂ ಪರೀಕ್ಷೆ ಮಾಡೋಕೆ ಆಗಲ್ಲ. ಕೆಲವನ್ನ ಬಲಿಕೊಟ್ಟು ಉಳಿದವುಗಳ ಗುಣ ಅಳೀಬೇಕು. ರಿಜಿಸ್ಟರ್‌ನಲ್ಲಿ '200 ನಗ, ಸರಿ ಇದೆ' ಅಂತ ಟಿಕ್ ಹಾಕಿದರೆ ಡಬ್ಬಿಗಳು ಇವೆ ಅಂತ ಮಾತ್ರ ಗೊತ್ತಾಗುತ್ತೆ.

ತೆರೆಯದೇ ನೋಡೋಕೆ ಆಗೋದನ್ನಾದರೂ ಪ್ರತಿ ಪಾಳಿಯಲ್ಲೂ ನೋಡಬೇಕು. ಸೀಲ್ ಮುರಿದಿದೆಯಾ, ತಗ್ಗು ಬಿದ್ದಿದೆಯಾ, ತೇವದ ಇಂಡಿಕೇಟರ್ ಇದ್ದರೆ ಬಣ್ಣ ಬದಲಾಗಿದೆಯಾ, ಅವಧಿ ಮುಗಿದಿದೆಯಾ. ಅದರ ಮೇಲೆ ಕೂರೋದು, ಮಷೀನಿನ ಮೇಲೆ ಅಲುಗಾಡೋ ಜಾಗದಲ್ಲಿ ಎಸೆಯೋದು ಮಾಡಬಾರದು. ಅಲುಗಾಟಕ್ಕೆ ಒಳಗಿನ ಹರಳು ಪುಡಿಯಾಗುತ್ತೆ. ಪುಡಿಯಾದರೆ ಉಸಿರು ಇನ್ನೂ ಬಿಗಿ, ಕೆಮ್ಮು ಇನ್ನೂ ಜಾಸ್ತಿ. ಬಳಸಿದ ಡಬ್ಬಿಯನ್ನ ಕುತೂಹಲಕ್ಕೆ ಬಿಚ್ಚೋದಾಗಲಿ ಕಸದ ಬುಟ್ಟಿಗೆ ಹಾಕೋದಾಗಲಿ ಬೇಡ. ಉಳಿದ ಸೂಪರ್‌ಆಕ್ಸೈಡ್‌ಗೆ ಎಣ್ಣೆ, ಗ್ರೀಸು, ಕಲ್ಲಿದ್ದಲಿನ ಪುಡಿ ಸೇರಿ ನೀರು ಬಿದ್ದರೆ ಬೆಂಕಿ ಹತ್ತಬಹುದು, ಕೈಗೆ ತಗುಲಿದರೆ ಸುಡುತ್ತೆ.

ಕೆಲವರು ಕೇಳಬಹುದು, ನಮ್ಮ ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯೇ ಇಲ್ಲ, ನಮಗ್ಯಾಕೆ ಇದು ಅಂತ. ರಾಯಚೂರಿನ ಶಕ್ತಿನಗರದಲ್ಲಿ ಉರಿಯೋ ಕಲ್ಲಿದ್ದಲಿನಲ್ಲಿ ಒಂದು ಪಾಲು ತೆಲಂಗಾಣದ ಸಿಂಗರೇಣಿಯಿಂದ ಬರುತ್ತೆ. ಅಲ್ಲಿ ಈಗಲೂ ನೆಲದೊಳಗೆ ಇಳಿಯೋ ಕಾರ್ಮಿಕರಿದ್ದಾರೆ, ಮತ್ತು ನಮ್ಮ ದೇಶದ ಕಲ್ಲಿದ್ದಲು ಗಣಿ ನಿಯಮಗಳ ಪ್ರಕಾರ ಅವರ ಹತ್ತಿರ ಈ ಡಬ್ಬಿ ಇರಬೇಕು. ಅದೇ ರಾಯಚೂರು ಜಿಲ್ಲೆಯಲ್ಲಿ ಹಟ್ಟಿ ಚಿನ್ನದ ಗಣಿ ಇದೆ, ಅದೂ ಭೂಗತ ಗಣಿ. ಕೆಜಿಎಫ್ ಅಂದರೆ ನಿಮಗೆ ಸಿನಿಮಾ ನೆನಪಾಗಬಹುದು. 2001ರಲ್ಲಿ ಮುಚ್ಚೋವರೆಗೆ ಅಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಜನ ಕೆಲಸ ಮಾಡಿದ್ದಾರೆ. ಚಿನ್ನದ ಗಣಿಯಲ್ಲಿ ಉರಿಯೋದು ಏನಿದೆ ಅಂತೀರಾ? ಮರ, ಕೇಬಲ್, ಡೀಸೆಲ್, ರಬ್ಬರ್ ಬೆಲ್ಟು. 1986ರ ಸೆಪ್ಟೆಂಬರ್ 16, ದಕ್ಷಿಣ ಆಫ್ರಿಕಾದ ಕಿನ್‌ರಾಸ್ ಚಿನ್ನದ ಗಣಿ. ವೆಲ್ಡಿಂಗ್ ಮಾಡುವಾಗ ಹೊತ್ತಿದ ಬೆಂಕಿ ಸುರಂಗದ ಗೋಡೆಗೆ ಬಳಿದಿದ್ದ ಪಾಲಿಯುರಥೇನ್ ಫೋಮ್‌ಗೆ ಹರಡಿತು. ವಿಷದ ಹೊಗೆಗೆ 177 ಮಂದಿ ಸತ್ತರು.

ಕೊನೆಯದಾಗಿ ಒಂದು ಕೆಲಸದ ಮಾತು. ಇಂಜಿನಿಯರಿಂಗ್ ಓದೋರು ಫೀಲ್ಡ್ ವಿಸಿಟ್‌ಗೆ, ಸಿಎ ಆರ್ಟಿಕಲ್‌ಶಿಪ್ ಮಾಡೋರು ಆಡಿಟ್‌ಗೆ ಅಂತ ಒಂದಲ್ಲ ಒಂದು ದಿನ ಯಾವುದಾದರೂ ಗಣಿಯ ಲ್ಯಾಂಪ್ ರೂಮ್ ಮುಂದೆ ನಿಲ್ಲಬಹುದು. ಅಲ್ಲಿ ನಿಮ್ಮ ಸೊಂಟಕ್ಕೆ ಈ ಡಬ್ಬಿ ಕಟ್ಟಿದರೆ ಸೆಲ್ಫಿ ತೆಗೆದುಕೊಂಡು ಸುಮ್ಮನೆ ಇಳೀಬೇಡಿ. ಇದು ಫಿಲ್ಟರ್ರಾ, ಆಕ್ಸಿಜನ್ನಾ ಅಂತ ಕೇಳಿ. ಎಷ್ಟು ನಿಮಿಷದ್ದು, ಎರಡನೆಯ ಡಬ್ಬಿ ದಾರಿಯಲ್ಲಿ ಎಲ್ಲಿಟ್ಟಿದ್ದಾರೆ ಅಂತ ಕೇಳಿ. ಟ್ರೇನಿಂಗ್ ಪೀಸ್ ಇದ್ದರೆ ಕೊಡಿ ಸಾರ್, ಒಂದು ಸಲ ಬಾಯಿಗೆ ಹಾಕಿ ನೋಡ್ತೀನಿ ಅನ್ನಿ. ಪಕ್ಕದಲ್ಲಿ ನಿಂತಿರೋ ಹಳಬರು ನಗಬಹುದು. ನಗಲಿ ಬಿಡಿ, ಮೂಗಿನ ಕ್ಲಿಪ್ ಹಾಕಿಕೊಂಡು ಹತ್ತು ಹೆಜ್ಜೆ ನಡೆದು ನೋಡಿ.